ಎಲ್ಲಿ ನಿಂತು ನೋಡಿದಿರಿ? ಸಂಖ್ಯಾಶಾಸ್ತ್ರದ ತರಗತಿಗೆ ಐದಾರು ಚಿತ್ರಗಳು

ಒಂದೇ ದತ್ತಾಂಶ, ಒಂದೇ ಪ್ರಶ್ನೆ. ವಿಶ್ಲೇಷಣೆಗೆ ಕೂತವರು 29 ತಂಡಗಳ 61 ಮಂದಿ. ಫುಟ್‌ಬಾಲ್ ರೆಫರಿಗಳು ತಿಳಿ ಮೈಬಣ್ಣದ ಆಟಗಾರರಿಗಿಂತ ಕಪ್ಪು ಮೈಬಣ್ಣದ ಆಟಗಾರರಿಗೆ ಹೆಚ್ಚು ಸಲ ಕೆಂಪು ಕಾರ್ಡ್ ತೋರಿಸುತ್ತಾರೆಯೇ ಎಂಬುದು ಅವರೆಲ್ಲರ ಮುಂದಿದ್ದ ಪ್ರಶ್ನೆ. 2018ರಲ್ಲಿ ಫಲಿತಾಂಶ ಪ್ರಕಟವಾದಾಗ 20 ತಂಡಗಳು ಗಣನೀಯ ವ್ಯತ್ಯಾಸವಿದೆ ಎಂದಿದ್ದವು, 9 ತಂಡಗಳಿಗೆ ಅಂಥದ್ದೇನೂ ಸಿಕ್ಕಿರಲಿಲ್ಲ. ಆಡ್ಸ್ ರೇಷಿಯೊ (ಎರಡು ಗುಂಪುಗಳ ಸಂಭವದ ಅನುಪಾತ, 1 ಎಂದರೆ ವ್ಯತ್ಯಾಸವಿಲ್ಲ) 0.89ರಿಂದ 2.93ರವರೆಗೆ ಹರಡಿಕೊಂಡಿತ್ತು. ಒಬ್ಬರ ಲೆಕ್ಕದಲ್ಲಿ ತುಸು ಕಡಿಮೆ, ಇನ್ನೊಬ್ಬರ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಯಾವ ಯಾವ ಅಂಶಗಳನ್ನು ಲೆಕ್ಕಕ್ಕೆ ಸೇರಿಸಬೇಕು ಎಂಬುದರಲ್ಲೇ 21 ಬಗೆಯ ಆಯ್ಕೆಗಳಾಗಿದ್ದವು.

ಈ ಸಂಗತಿಯನ್ನು ನೇರವಾಗಿ ವಿದ್ಯಾರ್ಥಿಗಳ ಮುಂದಿಟ್ಟರೆ ತರಗತಿ ಎರಡು ಪಾಲಾಗುತ್ತದೆ. ಕೆಲವರು ‘ಯಾರೋ ತಪ್ಪು ಮಾಡಿರಬೇಕು, ಸರಿಯುತ್ತರ ಒಂದೇ ಇರುತ್ತದೆ’ ಎನ್ನುತ್ತಾರೆ. ಉಳಿದವರು ‘ಅಂಕಿ-ಅಂಶ ಇಟ್ಟುಕೊಂಡು ಏನು ಬೇಕಾದರೂ ಸಾಧಿಸಬಹುದು’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಎರಡೂ ತಪ್ಪು. ವಿಶ್ಲೇಷಣೆ ಮಾಡುವವರು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ನಿಂತ ಜಾಗವನ್ನು ಹೇಳಬೇಕು, ಯಾಕೆ ಅಲ್ಲೇ ನಿಂತೆ ಎಂಬುದಕ್ಕೆ ಕಾರಣ ಕೊಡಬೇಕು, ಬೇರೆಡೆ ನಿಂತರೆ ಏನು ಕಾಣುತ್ತಿತ್ತು ಎಂದೂ ತೋರಿಸಬೇಕು. ಇದನ್ನು ಸೂತ್ರಗಳಿಂದ ಶುರುಮಾಡಿದರೆ ತಲೆಗೆ ಹತ್ತುವುದು ನಿಧಾನ, ಚಿತ್ರಗಳಿಂದ ಶುರುಮಾಡಿದರೆ ಬೇಗ. ಚಿತ್ರದ ಮುಂದೆ ಎಡಕ್ಕೋ ಬಲಕ್ಕೋ ಸರಿದು, ಹತ್ತಿರ ಹೋಗಿ, ದೂರ ಬಂದು ನೋಡುವುದು ಯಾರಿಗೂ ಕಲಿಸಿಕೊಡಬೇಕಾದ ವಿದ್ಯೆಯಲ್ಲ.

ಮುಂದೆ ವಿವರಿಸುವ ಪಾಠ ಒಂದೂವರೆ ಗಂಟೆಯ ಮೂರು ತರಗತಿಗಳಿಗೆ ಹೊಂದುತ್ತದೆ. ಬೇಕಾದದ್ದು ಎ3 ಅಳತೆಯ ಬಣ್ಣದ ಪ್ರಿಂಟ್‌ಗಳು (ನಾಲ್ಕು ಜನಕ್ಕೆ ಒಂದು ಸೆಟ್), ಸ್ಕೇಲು, ಪೆನ್ಸಿಲು, ದಪ್ಪ ಬಿಳಿ ಕಾಗದ. ಚಿತ್ರಗಳನ್ನು ಫೋನಿನಲ್ಲಿ ನೋಡಿಸುವ ಯೋಚನೆ ಬೇಡ. ಯಾಕೆ ಎಂಬುದು ಮೊದಲ ಚಿತ್ರದಲ್ಲೇ ಗೊತ್ತಾಗುತ್ತದೆ.

ಓರೆಯಿಂದ ಮಾತ್ರ ಕಾಣುವ ತಲೆಬುರುಡೆ

ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ದಿ ಅಂಬಾಸಡರ್ಸ್’ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎತ್ತರ, ಅಗಲ ಎರಡೂ ಎರಡು ಮೀಟರಿಗೆ ತುಸು ಮೇಲೆ. ಇಬ್ಬರು ಫ್ರೆಂಚ್ ಗಣ್ಯರು ನಿಂತಿದ್ದಾರೆ. ನಡುವಿನ ಎರಡಂತಸ್ತಿನ ಕಪಾಟಿನಲ್ಲಿ ಭೂಗೋಳ, ಖಗೋಳದ ಉಪಕರಣಗಳು, ತಂತಿ ಹರಿದ ಲ್ಯೂಟ್ ವಾದ್ಯ. ಅವರ ಕಾಲ ಬಳಿ ನೆಲದ ಮೇಲೆ ಓರೆಯಾಗಿ ಚಾಚಿಕೊಂಡ ಮಸುಕು ಪಟ್ಟೆಯೊಂದಿದೆ. ಎದುರಿನಿಂದ ನೋಡಿದವರಿಗೆ ಅದು ಏನೆಂದು ಹೊಳೆಯುವುದಿಲ್ಲ. ಚಿತ್ರದ ಬಲ ಅಂಚಿಗೆ ಹೋಗಿ ಗೋಡೆಯುದ್ದಕ್ಕೂ ಓರೆಯಾಗಿ ಕಣ್ಣು ಹಾಯಿಸಿದರೆ ಪಟ್ಟೆ ಕುಗ್ಗಿ ಅಚ್ಚುಕಟ್ಟಾದ ತಲೆಬುರುಡೆಯಾಗುತ್ತದೆ.

ತರಗತಿಯಲ್ಲಿ ಮಾಡುವ ಕ್ರಮ ಹೀಗೆ. ಮೊದಲು ಪ್ರಿಂಟ್ ಅನ್ನು ಎದುರಿಗೆ ಇಟ್ಟುಕೊಂಡು ಮೂರು ನಿಮಿಷ ಕಂಡದ್ದನ್ನೆಲ್ಲ ಬರೆಯಲಿ. ಆಮೇಲೆ ಕಾಗದವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಲ ಅಂಚನ್ನು ಮುಖದ ಹತ್ತಿರ ತಂದು, ಒಂದು ಕಣ್ಣು ಮುಚ್ಚಿ, ಕೆಳಗಿನ ಎಡ ಮೂಲೆಯ ಕಡೆಗೆ ಓರೆಯಾಗಿ ನೋಡಲಿ. ಕಾಗದ ಬಾಗಿದರೆ ಬುರುಡೆ ಕಾಣುವುದಿಲ್ಲ, ಆದ್ದರಿಂದ ಹಿಂದೆ ರಟ್ಟು ಇಟ್ಟು ಅಂಟಿಸಿರಬೇಕು. ಫೋನ್ ಪರದೆ ತೀರಾ ಚಿಕ್ಕದು. ಪ್ರೊಜೆಕ್ಟರಿನಲ್ಲಿ ತೋರಿಸಿದರೆ ಗೋಡೆಯ ಪಕ್ಕದವರೆಗೆ ಹೋಗಲು ಜಾಗವಿರುವವರಿಗೆ ಮಾತ್ರ ಕಂಡೀತು.

ಬುರುಡೆ ಕಂಡ ಸಂತೋಷದಲ್ಲಿ ಪಾಠ ಅಲ್ಲಿಗೇ ನಿಲ್ಲುವ ಅಪಾಯ ಇದೆ. ಮುಖ್ಯವಾದ ಪ್ರಶ್ನೆ ಇದು: ಬುರುಡೆ ಸರಿಯಾಗಿ ಕಾಣುವ ಜಾಗದಿಂದ ಆ ಇಬ್ಬರು ಹೇಗೆ ಕಾಣುತ್ತಾರೆ? ಗೆರೆಗಳಂತೆ ಕಿರಿದಾಗಿ ಕಾಣುತ್ತಾರೆ. ಎರಡನ್ನೂ ಸರಿಯಾಗಿ ತೋರಿಸುವ ಜಾಗ ಆ ಕೋಣೆಯಲ್ಲಿ ಎಲ್ಲೂ ಇಲ್ಲ.

ಇದಾದ ಕೂಡಲೇ ಹತ್ತು ಅಂಕಿಗಳನ್ನು ಬೋರ್ಡ್ ಮೇಲೆ ಬರೆಯಬೇಕು: 2, 3, 3, 4, 4, 5, 5, 6, 7, 61. ಇವು ಹತ್ತು ರೋಗಿಗಳು ಆಸ್ಪತ್ರೆಯಲ್ಲಿ ಉಳಿದ ದಿನಗಳು ಎಂದುಕೊಳ್ಳೋಣ. ಸರಾಸರಿ 10, ಮಧ್ಯಾಂಕ (ಸಾಲಿನ ನಟ್ಟನಡುವಿನ ಬೆಲೆ) 4.5. ‘ನಾನು ಎಷ್ಟು ದಿನ ಇರಬೇಕಾಗಬಹುದು’ ಎಂದು ಕೇಳುವ ರೋಗಿಗೆ 10 ಎಂದರೆ ದಾರಿ ತಪ್ಪಿಸಿದಂತೆ, ಹತ್ತರಲ್ಲಿ ಒಂಬತ್ತು ಜನ ಒಂದು ವಾರದೊಳಗೆ ಮನೆಗೆ ಹೋಗಿದ್ದಾರೆ. ಎಷ್ಟು ಹಾಸಿಗೆ ಬೇಕು ಎಂದು ಯೋಜನೆ ಹಾಕುವವರಿಗೆ 4.5 ಹೇಳಿದರೂ ಅಷ್ಟೇ ತಪ್ಪು. ಹತ್ತು ಜನಕ್ಕೆ 45 ದಿನ ಎಂದು ಲೆಕ್ಕ ಹಾಕಿದರೆ ನಿಜವಾಗಿ ಬೇಕಾಗುವ 100 ದಿನಗಳಲ್ಲಿ 55 ಕೊರತೆ ಬೀಳುತ್ತದೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಪ್ರಶ್ನೆ ತೀರ್ಮಾನಿಸುತ್ತದೆ. ‘61 ಔಟ್‌ಲಯರ್ (ಉಳಿದವುಗಳಿಂದ ಬಹಳ ದೂರ ನಿಂತ ಅಂಕಿ), ತೆಗೆದುಹಾಕೋಣ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಕೇಳಬೇಕಾದದ್ದು: ಅದು ಬರೆಯುವಾಗ ಆದ ತಪ್ಪೋ, ನಿಜವಾಗಿ 61 ದಿನ ಮಲಗಿದ್ದ ಮನುಷ್ಯನೋ?

ಮಕ್ಕಳನ್ನು ಎಣಿಸುವುದು

ಇಡೀ ಪಾಠದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಚಿತ್ರ ಪೀಟರ್ ಬ್ರೂಗಲ್‌ನ ‘ಚಿಲ್ಡ್ರನ್ಸ್ ಗೇಮ್ಸ್’. 1560ರದು, ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿದೆ, 118 ಸೆಂ.ಮೀ. ಎತ್ತರ, 161 ಸೆಂ.ಮೀ. ಅಗಲ. ಮೇಲಿನಿಂದ ಇಣುಕಿದಂತೆ ಕಾಣುವ ಊರಿನ ಚೌಕದಲ್ಲಿ 200ಕ್ಕೂ ಹೆಚ್ಚು ಮಕ್ಕಳು ಸುಮಾರು 80 ಬಗೆಯ ಆಟಗಳಲ್ಲಿ ಮುಳುಗಿದ್ದಾರೆ. ಗಾಲಿ ಉರುಳಿಸುವವರು, ಮರಗಾಲು ಕಟ್ಟಿಕೊಂಡವರು, ಬಗ್ಗಿದವರ ಬೆನ್ನ ಮೇಲಿಂದ ಹಾರುವವರು, ಪೀಪಾಯಿ ಏರಿ ಕೂತವರು.

ಮೊದಲ ಕೆಲಸ: ಇದರಲ್ಲಿ ಆಟವಾಡುತ್ತಿರುವ ಮಕ್ಕಳು ಎಷ್ಟು? ಪ್ರಶ್ನೆಯನ್ನು ಇಷ್ಟೇ ಹೇಳಿ ಬಿಟ್ಟುಬಿಡಬೇಕು, ಹೆಚ್ಚು ವಿವರಿಸಬಾರದು. ಐದೇ ನಿಮಿಷಕ್ಕೆ ತಕರಾರು ಶುರುವಾಗುತ್ತದೆ. ಕೆಲವರ ಮುಖ ದೊಡ್ಡವರ ಹಾಗಿದೆ, ಅವರು ಮಕ್ಕಳೇ? ಆಡುವವರನ್ನು ನೋಡುತ್ತ ಸುಮ್ಮನೆ ನಿಂತವರು ಲೆಕ್ಕಕ್ಕೆ ಸೇರುತ್ತಾರೆಯೇ? ಮುಂಭಾಗದಲ್ಲಿ ಮಗುವೊಂದು ಕೋಲು ಹಿಡಿದು ಹೊಲಸು ಕೆದಕುತ್ತಿದೆ, ಅದು ಆಟವೇ, ಕಿಡಿಗೇಡಿತನವೇ? ಶಿಕ್ಷಕರು ಇಲ್ಲಿ ತೀರ್ಪು ಕೊಡಲು ಹೋಗಬಾರದು. ಪ್ರತಿ ಗುಂಪೂ ತನ್ನದೇ ನಿಯಮವನ್ನು ಎರಡು ಸಾಲಿನಲ್ಲಿ ಬರೆದು, ಆ ನಿಯಮದ ಪ್ರಕಾರ ಮಾತ್ರ ಎಣಿಸಬೇಕು. ಎಣಿಕೆ ಶುರುಮಾಡಿದ ಮೇಲೆ ನಿಯಮ ಬದಲಿಸಿದರೆ ಹಳೆಯದನ್ನು ಅಳಿಸದೆ, ಒಂದು ಗೆರೆ ಹೊಡೆದು ಕೆಳಗೆ ಹೊಸದನ್ನು ಬರೆಯಬೇಕು. ಈ ಗೆರೆ ಹೊಡೆದ ಸಾಲುಗಳೇ ಮೂರನೆಯ ತರಗತಿಯ ಹೊತ್ತಿಗೆ ಅಮೂಲ್ಯವಾಗುತ್ತವೆ.

ಒಂದೇ ನಿಯಮ ಹಿಡಿದವರಲ್ಲೂ ಎಷ್ಟು ಒಮ್ಮತ ಇದೆ ಎಂದು ಅಳೆಯಬೇಕು. ಇಬ್ಬರು ವಿದ್ಯಾರ್ಥಿಗಳು ಗುರುತು ಹಾಕಿದ ಅದೇ 40 ಆಕೃತಿಗಳನ್ನು ಬೇರೆ ಬೇರೆ ಕೂತು ‘ಆಡುತ್ತಿದೆ’, ‘ಆಡುತ್ತಿಲ್ಲ’ ಎಂದು ವಿಂಗಡಿಸಲಿ. ಉದಾಹರಣೆಗೆ ಮೊದಲನೆಯವರು 32ಕ್ಕೆ, ಎರಡನೆಯವರು 34ಕ್ಕೆ ‘ಆಡುತ್ತಿದೆ’ ಎಂದರು, 34 ಆಕೃತಿಗಳ ವಿಷಯದಲ್ಲಿ ಇಬ್ಬರ ಉತ್ತರವೂ ಒಂದೇ ಎಂದಿಟ್ಟುಕೊಳ್ಳಿ. ಒಮ್ಮತ ಶೇ 85, ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ ಹೆಚ್ಚಿನವಕ್ಕೆ ‘ಆಡುತ್ತಿದೆ’ ಎನ್ನುವುದರಿಂದ ಕಣ್ಣು ಮುಚ್ಚಿ ಹೇಳಿದರೂ ಬಹಳಷ್ಟು ಹೊಂದಿಕೆಯಾಗುತ್ತದೆ: 0.80 × 0.85 + 0.20 × 0.15 = 0.71. ಅದನ್ನು ಕಳೆದರೆ ಕೋಹೆನ್ಸ್ ಕಪ್ಪಾ, ಅಂದರೆ ಆಕಸ್ಮಿಕ ಹೊಂದಿಕೆಯನ್ನು ಬಿಟ್ಟು ಉಳಿದ ಒಮ್ಮತದ ಅಳತೆ, ಸಿಗುತ್ತದೆ: (0.85 − 0.71) ÷ (1 − 0.71), ಅಂದರೆ 0.48. ಸಾಧಾರಣ ಒಮ್ಮತ, ಅಷ್ಟೇ. ಎಣಿಕೆಯನ್ನೇ ಇಷ್ಟು ಅಲುಗಾಡುವ ನೆಲದ ಮೇಲೆ ಕಟ್ಟಿದ್ದರೆ ಆಮೇಲೆ ಎಂಥ ರೆಗ್ರೆಷನ್ (ಒಂದು ಅಂಶದಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಮಾಡಿದರೂ ಅದು ಗಟ್ಟಿಯಾಗುವುದಿಲ್ಲ.

ಎರಡನೆಯ ಕೆಲಸ ಸ್ಯಾಂಪ್ಲಿಂಗ್. ಚಿತ್ರವನ್ನು 38 × 28 ಸೆಂ.ಮೀ.ಗೆ ಪ್ರಿಂಟ್ ಮಾಡಿಸಿ, ಅಡ್ಡಕ್ಕೆ 8, ಉದ್ದಕ್ಕೆ 6 ಭಾಗ ಮಾಡಿದರೆ ಸುಮಾರು 4.7 ಸೆಂ.ಮೀ.ನ 48 ಚೌಕಗಳಾಗುತ್ತವೆ. 1ರಿಂದ 48ರವರೆಗೆ ಅಂಕೆ ಹಾಕಿ, ಚೀಟಿ ಎತ್ತಿ 12 ಚೌಕಗಳನ್ನು ಆರಿಸಬೇಕು. ಗೆರೆಯ ಮೇಲೆ ಬಿದ್ದ ಮಗುವನ್ನು ತಲೆ ಎಲ್ಲಿದೆಯೋ ಆ ಚೌಕಕ್ಕೆ ಸೇರಿಸಬೇಕು. ಈ ನಿಯಮ ಮೊದಲೇ ಹೇಳದಿದ್ದರೆ ಗಡಿಯಲ್ಲಿರುವ ಮಕ್ಕಳನ್ನು ಎರಡು ಸಲ ಎಣಿಸಿಬಿಡುತ್ತಾರೆ, ಅಂದಾಜು ಪ್ರತಿ ಸಲವೂ ಮೇಲಕ್ಕೇ ಏರುತ್ತದೆ.

12 ಚೌಕಗಳಲ್ಲಿ 57 ಮಕ್ಕಳು ಸಿಕ್ಕರೆ ಒಟ್ಟು ಅಂದಾಜು 57 × 4 = 228. ಚೌಕದಿಂದ ಚೌಕಕ್ಕೆ ಎಣಿಕೆಯ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಚೆದುರುವ ಅಳತೆ) 4 ಇದ್ದರೆ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ) 48 × √(0.75 × 16 ÷ 12) = 48. ಇಲ್ಲಿ 0.75 ಎಂದರೆ ನೋಡದೆ ಉಳಿದ ಪಾಲು, 16 ಎಂದರೆ 4ರ ವರ್ಗ. ಅಂದರೆ ಶೇ 95ರ ವ್ಯಾಪ್ತಿ (ಎರಡೂ ಬದಿಗೆ ಎರಡು ಎರರ್ ದೂರ) ಸುಮಾರು 132ರಿಂದ 324! ಕಾಲು ಭಾಗ ಚಿತ್ರ ನೋಡಿಯೂ ಇಷ್ಟೇ ಗೊತ್ತಾಯಿತೇ ಎಂದು ತರಗತಿ ಬೆರಗಾಗುತ್ತದೆ, ಆಗಲೂ ಬೇಕು. 24 ಚೌಕ ನೋಡಿದರೆ ಎರರ್ 28ರ ಹತ್ತಿರಕ್ಕೆ ಇಳಿಯುತ್ತದೆ.

ಇಲ್ಲಿಂದ ಮುಂದೆ ಚಿತ್ರಕಾರನ ಪರ್ಸ್‌ಪೆಕ್ಟಿವ್ ನೇರವಾಗಿ ಲೆಕ್ಕದೊಳಕ್ಕೆ ಬರುತ್ತದೆ. ಮುಂಭಾಗದ ಮಕ್ಕಳು ದೊಡ್ಡವರು, ಒಂದು ಚೌಕದಲ್ಲಿ ಕೆಲವರೇ ಹಿಡಿಸುತ್ತಾರೆ. ಹಿಂದಕ್ಕೆ ಹೋದಂತೆ ಆಕೃತಿಗಳು ಚಿಕ್ಕವಾಗಿ, ಅಷ್ಟೇ ಜಾಗದಲ್ಲಿ ಹೆಚ್ಚು ಮಂದಿ ತುಂಬಿಕೊಳ್ಳುತ್ತಾರೆ. ಕಟ್ಟಡ ತುಂಬಿಕೊಂಡ ಕೆಲವು ಚೌಕಗಳಲ್ಲಿ ಒಂದು ಮಗುವೂ ಇಲ್ಲ. ಸಮಾನ ಅಳತೆಯ ಚೌಕಗಳು ನೆಲದ ಮೇಲಿನ ಸಮಾನ ಅಳತೆಯ ಜಾಗಗಳಲ್ಲ. ‘ಒಂದು ಚೌಕಕ್ಕೆ ಇಷ್ಟು ಮಕ್ಕಳು’ ಎಂಬ ಸಾಂದ್ರತೆ ಕಾಗದದ ಗುಣ, ಆ ಊರಿನ ಚೌಕದ ಗುಣವಲ್ಲ. ಒಟ್ಟು ಎಣಿಕೆಗೆ ಇದರಿಂದ ಪಕ್ಷಪಾತ ಬರುವುದಿಲ್ಲ, ಏರಿಳಿತ ಮಾತ್ರ ಹೆಚ್ಚುತ್ತದೆ. ಅದನ್ನು ತಗ್ಗಿಸಲು ಚಿತ್ರವನ್ನು ಮುಂಭಾಗ, ನಡು, ಹಿಂಭಾಗ ಎಂದು ಎರಡೆರಡು ಸಾಲುಗಳ ಮೂರು ಸ್ತರಗಳಾಗಿ ಒಡೆದು, ಪ್ರತಿ ಸ್ತರದಿಂದ 4 ಚೌಕ ತೆಗೆಯಬೇಕು. ಅದೇ 12 ಚೌಕ, ಅಷ್ಟೇ ಶ್ರಮ. ಸ್ತರಗಳ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದೋ ಎರರ್ ಅಷ್ಟು ಇಳಿಯುತ್ತದೆ. ಯಾವ ಗುಂಪಾದರೂ ‘ಮಕ್ಕಳು ಹೆಚ್ಚಿರುವ ಚೌಕಗಳನ್ನೇ ಆರಿಸಿದೆವು, ಕೆಲಸ ಬೇಗ ಮುಗಿಯಲಿ ಅಂತ’ ಎಂದರೆ ಬೈಯಬೇಡಿ. ಅವರ ಅಂದಾಜನ್ನೂ ಬೋರ್ಡ್ ಮೇಲೆ ಬರೆಯಿರಿ. ಅನುಕೂಲಕ್ಕೆ ತಕ್ಕ ಸ್ಯಾಂಪಲ್ ಏನು ಮಾಡುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕತ್ತರಿಸಿ ಹೋದ ಎಡಭಾಗ

ಕಳೆದುಹೋದ ದತ್ತಾಂಶದ ಪಾಠಕ್ಕೆ ರೆಂಬ್ರಾಂಟ್‌ನ ‘ದಿ ನೈಟ್ ವಾಚ್’ ಹೇಳಿ ಮಾಡಿಸಿದ ಹಾಗಿದೆ. 1642ರ ಈ ದೊಡ್ಡ ಚಿತ್ರವನ್ನು 1715ರಲ್ಲಿ ಆಮ್‌ಸ್ಟರ್‌ಡ್ಯಾಂನ ಪುರಭವನಕ್ಕೆ ಸಾಗಿಸಿದರು. ಅಲ್ಲಿನ ಗೋಡೆಯ ಜಾಗಕ್ಕೆ ಹಿಡಿಸಲಿಲ್ಲವೆಂದು ನಾಲ್ಕೂ ಬದಿ ಕತ್ತರಿಸಿದರು: ಎಡಕ್ಕೆ ಸುಮಾರು 60 ಸೆಂ.ಮೀ., ಮೇಲೆ 22, ಕೆಳಗೆ 12, ಬಲಕ್ಕೆ 7. ತುಂಡುಗಳು ಮತ್ತೆ ಸಿಗಲೇ ಇಲ್ಲ. ಎಡಭಾಗದ ಜೊತೆ ಅಲ್ಲಿ ನಿಂತಿದ್ದ ಕಾವಲುಪಡೆಯ ಇಬ್ಬರೂ ಹೋದರು.

ಹೋದದ್ದು ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎಡಕ್ಕೆ 60, ಬಲಕ್ಕೆ 7 ಹೋದುದರಿಂದ ಚಿತ್ರದ ನಡುಗೆರೆಯೇ 26.5 ಸೆಂ.ಮೀ. ಬಲಕ್ಕೆ ಸರಿಯಿತು. ಮೂಲದಲ್ಲಿ ಕ್ಯಾಪ್ಟನ್ ಮತ್ತು ಲೆಫ್ಟಿನೆಂಟ್ ನಡುಮಧ್ಯದಲ್ಲಿರಲಿಲ್ಲ, ಬಲಕ್ಕೆ ಇದ್ದರು. ಇಡೀ ಗುಂಪು ಎಡದಿಂದ ಮುನ್ನುಗ್ಗಿ ಬರುವಂತೆ ರೆಂಬ್ರಾಂಟ್ ಜಾಗ ಬಿಟ್ಟಿದ್ದ. ಕತ್ತರಿಸಿದ ಮೇಲೆ ಅವರು ಸರಿಸುಮಾರು ನಡುವೆ ಬಂದು ನಿಂತರು, ಚಲನೆ ಕಡಿಮೆಯಾಯಿತು. ಉಳಿದ ಭಾಗದಲ್ಲಿ ಒಂದು ಕೂದಲೆಳೆಯೂ ಬದಲಾಗಿಲ್ಲ, ಆದರೂ ಒಟ್ಟು ಅರ್ಥ ಬೇರೆಯಾಗಿದೆ.

ಇದನ್ನೇ ಅಂಕಿಗಳಲ್ಲಿ ತೋರಿಸಲು 1ರಿಂದ 20ರವರೆಗಿನ ಸಂಖ್ಯೆಗಳು ಸಾಕು. ಸರಾಸರಿ 10.5. ಇದರಿಂದ ಚೀಟಿ ಎತ್ತಿ ಐದನ್ನು ತೆಗೆದರೆ ಸರಾಸರಿ 10.5ರ ಆಸುಪಾಸಿನಲ್ಲೇ ಆಡುತ್ತದೆ. ಬದಲಿಗೆ ದೊಡ್ಡ ಐದನ್ನೇ ತೆಗೆದರೆ 8ಕ್ಕೆ ಕುಸಿಯುತ್ತದೆ. ಆದಾಯ ಎಷ್ಟೆಂದು ಕೇಳಿದಾಗ ಹೆಚ್ಚು ಗಳಿಸುವವರೇ ಉತ್ತರ ಕೊಡದೆ ಜಾರಿಕೊಂಡ ಸಮೀಕ್ಷೆಯಲ್ಲಿ ಆಗುವುದು ಇದೇ. ಈಗ ಖಾಲಿ ಬಿಟ್ಟ ಐದು ಜಾಗಕ್ಕೂ ಸರಾಸರಿ 8ನ್ನೇ ತುಂಬಿ ನೋಡಿ. ಸರಾಸರಿ 8ರಲ್ಲೇ ಉಳಿಯಿತು, ಮೇಲಾಗಿ ಸ್ಟ್ಯಾಂಡರ್ಡ್ ಡೀವಿಯೇಷನ್ 5.92ರಿಂದ 3.84ಕ್ಕೆ ಇಳಿಯಿತು. ತಪ್ಪು ಉತ್ತರ, ಅದರ ಮೇಲೆ ಇಲ್ಲದ ಖಚಿತತೆ ಬೇರೆ. ಖಾಲಿ ಜಾಗಕ್ಕೆ ಸರಾಸರಿ ತುಂಬುವ ಅಭ್ಯಾಸವನ್ನು ಮೊದಲ ವರ್ಷದಲ್ಲೇ ಬಿಡಿಸಬೇಕು.

ಹಾಗಾದರೆ ಏನು ತುಂಬಬೇಕು? ಚಿತ್ರವೇ ದಾರಿ ತೋರಿಸುತ್ತದೆ. ಕತ್ತರಿಸುವ ಮೊದಲೇ ಗೆರಿಟ್ ಲುಂಡೆನ್ಸ್ ಎಂಬ ಚಿತ್ರಕಾರ ಅದರ ಚಿಕ್ಕ ನಕಲೊಂದನ್ನು ಬರೆದಿದ್ದ. 2021ರಲ್ಲಿ, ಮೂಲ ಚಿತ್ರವಿರುವ ರೈಕ್ಸ್‌ಮ್ಯೂಸಿಯಂ ಆ ನಕಲನ್ನು ಆಧಾರವಾಗಿಟ್ಟುಕೊಂಡು, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಳೆದ ಭಾಗಗಳನ್ನು ಮರುರೂಪಿಸಿ ಮೂಲದ ಪಕ್ಕ ಕೆಲವು ತಿಂಗಳು ಜೋಡಿಸಿಟ್ಟಿತ್ತು. ನಕಲನ್ನು ಹಾಗೇ ಹಿಗ್ಗಿಸಿ ಅಂಟಿಸಲು ಆಗುತ್ತಿರಲಿಲ್ಲ. ಅದರ ಬಣ್ಣ, ಕುಂಚದ ಕೈವಾಡ, ಕೋನ ಯಾವುದೂ ರೆಂಬ್ರಾಂಟ್‌ನದಕ್ಕೆ ಹೊಂದುತ್ತಿರಲಿಲ್ಲ. ಎರಡರಲ್ಲೂ ಇರುವ ಭಾಗವನ್ನು ಹೋಲಿಸಿ, ಲುಂಡೆನ್ಸ್‌ನಿಂದ ರೆಂಬ್ರಾಂಟ್‌ಗೆ ಹೋಗುವ ಸಂಬಂಧವನ್ನು ಕಂಪ್ಯೂಟರಿಗೆ ಕಲಿಸಿ, ಆಮೇಲೆ ಆ ಸಂಬಂಧವನ್ನು ಕಳೆದ ಭಾಗಕ್ಕೆ ಅನ್ವಯಿಸಿದರು. ರೆಗ್ರೆಷನ್ ಬಳಸಿ ಖಾಲಿ ಜಾಗ ತುಂಬುವುದೂ ಹೆಜ್ಜೆ ಹೆಜ್ಜೆಗೆ ಇದೇ ಕೆಲಸ. ಎಲ್ಲರಿಗೂ ಲಭ್ಯವಿರುವ ಇನ್ನೊಂದು ಮಾಹಿತಿ, ಉದಾಹರಣೆಗೆ ಮನೆಯ ವಿಸ್ತೀರ್ಣ ಅಥವಾ ಕಳೆದ ವರ್ಷ ಅದೇ ವ್ಯಕ್ತಿ ಕೊಟ್ಟ ಉತ್ತರ, ಇಲ್ಲಿ ಲುಂಡೆನ್ಸ್‌ನ ನಕಲಿನ ಕೆಲಸ ಮಾಡುತ್ತದೆ. ಮ್ಯೂಸಿಯಂ ಹೊಸ ಪಟ್ಟಿಗಳನ್ನು ಮೂಲಕ್ಕೆ ಅಂಟಿಸದೆ ಪಕ್ಕದಲ್ಲಷ್ಟೇ ಇಟ್ಟಿತು, ಯಾವುದು ಮೂಲ, ಯಾವುದು ಅಂದಾಜು ಎಂದು ನೋಡುಗರಿಗೆ ತಿಳಿಯುವಂತಿತ್ತು. ದತ್ತಾಂಶದಲ್ಲೂ ತುಂಬಿದ ಪ್ರತಿ ಅಂಕಿಯ ಪಕ್ಕ ಒಂದು ಗುರುತಿನ ಕಾಲಂ ಇರಬೇಕು. ಒಂದೇ ಸಲ ತುಂಬಿದರೆ ಅನಿಶ್ಚಿತತೆ ಮರೆಯಾಗುತ್ತದೆ. ಆದ್ದರಿಂದ 20 ಸಲವಾದರೂ ಬೇರೆ ಬೇರೆಯಾಗಿ ತುಂಬಿ, ಪ್ರತಿ ಸಲದ ಉತ್ತರ ಎಷ್ಟು ಅತ್ತಿತ್ತ ಆಗುತ್ತದೆಂದು ನೋಡುವುದು ಒಳ್ಳೆಯದು.

ತರಗತಿಯಲ್ಲಿ ಮಾಡಿಸಲು: ಲುಂಡೆನ್ಸ್‌ನ ನಕಲಿನ ಪ್ರಿಂಟ್ ಕೊಟ್ಟು, ಎಡಭಾಗದ ಸುಮಾರು ಶೇ 11.5 ಅಗಲವನ್ನು ಬಿಳಿ ಕಾಗದದಿಂದ ಮುಚ್ಚಿಸಿ. ‘ಇದರಲ್ಲಿ ಮುಖ್ಯ ವ್ಯಕ್ತಿ ಯಾರು, ಗುಂಪು ಯಾವ ಕಡೆ ಹೊರಟಿದೆ’ ಎಂದು ಬರೆಸಿ, ಕಾಗದ ತೆಗೆಸಿ ಮತ್ತೆ ಬರೆಸಿ. ಎರಡೂ ಉತ್ತರಗಳನ್ನು ಇಟ್ಟುಕೊಳ್ಳಲಿ.

ಚಿಕ್ಕ ಪರ್ವತ, ದೊಡ್ಡ ಅಲೆ

ಹೊಕುಸಾಯಿಯ ‘ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು’ ಸರಣಿಗೆ ಹತ್ತು ನಿಮಿಷ ಸಾಕು. 1830ರ ಹೊತ್ತಿಗೆ ಶುರುವಾದ ಈ ಮರದಚ್ಚಿನ ಚಿತ್ರಗಳು ಕೊನೆಗೆ 46 ಆದವು. ‘ದೊಡ್ಡ ಅಲೆ’ಯ ಚಿತ್ರದಲ್ಲಿ 3,776 ಮೀಟರ್ ಎತ್ತರದ ಫ್ಯೂಜಿ ಅಲೆಯ ಕೆಳಗೆ ಬೆರಳ ತುದಿಯಷ್ಟಿದೆ. ಇನ್ನೊಂದರಲ್ಲಿ ಅದೇ ಪರ್ವತ ಕೆಂಪಾಗಿ ಇಡೀ ಹಾಳೆಯನ್ನು ತುಂಬುತ್ತದೆ. ಅಪಾಯ 10,000ಕ್ಕೆ 2ರಿಂದ 1ಕ್ಕೆ ಇಳಿದದ್ದನ್ನು ‘ಶೇ 50 ಇಳಿಕೆ’ ಎಂದೂ ಹೇಳಬಹುದು, ‘10,000 ಜನರಲ್ಲಿ ಒಬ್ಬರಿಗೆ ಪ್ರಯೋಜನ’ ಎಂದೂ ಹೇಳಬಹುದು. ಎರಡೂ ಸತ್ಯವೇ. ಒಂದನ್ನೇ ಕೊಟ್ಟು ಇನ್ನೊಂದನ್ನು ಬಚ್ಚಿಟ್ಟವರು ಓದುಗರನ್ನು ತಮಗೆ ಬೇಕಾದ ಕಡೆ ನಿಲ್ಲಿಸಿದ್ದಾರೆ. ಮೋನೆ 1892ರಿಂದ 1894ರವರೆಗೆ ಬರೆದ ರೂಆನ್ ಕೆಥೆಡ್ರಲ್ ಸರಣಿಯನ್ನು ಇದರ ಪಕ್ಕದಲ್ಲಿಡಿ: ಅಲ್ಲಿ ನಿಂತ ಜಾಗ ಹೆಚ್ಚು ಬದಲಾಗುವುದಿಲ್ಲ, ಬೆಳಕು ಬದಲಾಗುತ್ತದೆ. ಯಾವುದನ್ನು ಸ್ಥಿರವಾಗಿಟ್ಟು ಯಾವುದನ್ನು ಬದಲಿಸಿದ್ದಾರೆ ಎಂದು ಕೇಳಿದರೆ ಪ್ರಯೋಗ ವಿನ್ಯಾಸದ ಅರ್ಧ ಪಾಠ ಮುಗಿದಂತೆ.

ಹತ್ತಿರದಿಂದ ಒಂದು, ದೂರದಿಂದ ಇನ್ನೊಂದು

ಜಾರ್ಜ್ ಸ್ಯೂರಾ 1884–86ರಲ್ಲಿ ಬರೆದ ‘ಲಾ ಗ್ರಾಂಡ್ ಜಾಟ್’ ಚುಕ್ಕೆ ಚುಕ್ಕೆಗಳ ಚಿತ್ರ. ಹತ್ತಿರ ಹೋದರೆ ಬಣ್ಣದ ಚುಕ್ಕೆಗಳು, ದೂರ ಬಂದರೆ ನದಿ ದಂಡೆಯ ಜನ. ಪ್ರಿಂಟ್ ಆದರೂ 30 ಸೆಂ.ಮೀ. ಮತ್ತು 3 ಮೀಟರ್ ದೂರದಿಂದ ನೋಡಿಸಿ, ತಡಮಾಡದೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶಾತಿಯ ಅಂಕಿಗಳಿಗೆ ಬನ್ನಿ.

ಆರು ದೊಡ್ಡ ವಿಭಾಗಗಳನ್ನು ಒಟ್ಟಾಗಿ ನೋಡಿದರೆ 2,691 ಗಂಡಸರ ಅರ್ಜಿಗಳಲ್ಲಿ ಶೇ 45 ಸ್ವೀಕೃತ, 1,835 ಹೆಂಗಸರ ಅರ್ಜಿಗಳಲ್ಲಿ ಶೇ 30 ಮಾತ್ರ. ವಿಭಾಗವಾರು ಬಿಡಿಸಿದರೆ ಆರರಲ್ಲಿ ನಾಲ್ಕು ಕಡೆ ಹೆಂಗಸರ ಪ್ರಮಾಣವೇ ಮೇಲು. ‘ಎ’ ವಿಭಾಗದಲ್ಲಿ ಗಂಡಸರು ಶೇ 62, ಹೆಂಗಸರು ಶೇ 82. ಆದರೆ ಆ ವಿಭಾಗಕ್ಕೆ ಅರ್ಜಿ ಹಾಕಿದ್ದು 825 ಗಂಡಸರು, 108 ಹೆಂಗಸರು. ಸೀಟು ಸಿಗುವುದೇ ಕಷ್ಟವಾದ ‘ಎಫ್’ನಲ್ಲಿ ಶೇ 6 ಮತ್ತು 7, ಅರ್ಜಿಗಳು 373 ಮತ್ತು 341. ಹೆಂಗಸರ ಅರ್ಜಿಗಳು ಹೆಚ್ಚಾಗಿ ಕಷ್ಟದ ವಿಭಾಗಗಳಿಗೇ ಹೋಗಿದ್ದವು.

ಇಲ್ಲಿ ‘ಹತ್ತಿರದ ನೋಟವೇ ನಿಜ’ ಎಂದು ಮುಗಿಸುವ ಪಠ್ಯಗಳು ಬಹಳ. ಅದು ಅವಸರದ ತೀರ್ಮಾನ. ವಿಭಾಗದ ಪ್ರವೇಶ ಸಮಿತಿ ತಾರತಮ್ಯ ಮಾಡಿತೇ ಎಂಬುದು ಪ್ರಶ್ನೆಯಾದರೆ ವಿಭಾಗವಾರು ನೋಡಬೇಕು. ಉನ್ನತ ಶಿಕ್ಷಣದ ಬಾಗಿಲು ಹೆಂಗಸರಿಗೆ ಎಷ್ಟು ತೆರೆದಿದೆ, ಅವರು ಅರ್ಜಿ ಹಾಕುವ ವಿಭಾಗಗಳಲ್ಲಿ ಸೀಟುಗಳು ಯಾಕೆ ಕಡಿಮೆ ಎಂಬುದು ಪ್ರಶ್ನೆಯಾದರೆ ಒಟ್ಟು ಅಂಕಿಯನ್ನು ಬದಿಗೆ ಸರಿಸುವಂತಿಲ್ಲ. ದೂರ ಎಷ್ಟಿರಬೇಕೆಂದು ದತ್ತಾಂಶ ತಾನಾಗಿ ಹೇಳುವುದಿಲ್ಲ. ಯಾವುದು ಯಾವುದಕ್ಕೆ ಕಾರಣ ಎಂಬ ನಿಮ್ಮ ತಿಳಿವಳಿಕೆ ಅದನ್ನು ಹೇಳಬೇಕು.

ಚಿತ್ರಕಾರರಿಗಿರುವ ಸ್ವಾತಂತ್ರ್ಯ ಸಂಶೋಧಕರಿಗಿಲ್ಲ

ಹೋಲಿಕೆ ಒಂದು ಹಂತದಲ್ಲಿ ಮುರಿಯುತ್ತದೆ, ಅದನ್ನು ಮರೆಮಾಚಬಾರದು. ಪಿಕಾಸೊ 1903–04ರಲ್ಲಿ ಬರೆದ ‘ಹಳೆಯ ಗಿಟಾರ್ ವಾದಕ’ವನ್ನು ಎಕ್ಸ್‌ರೇಯಲ್ಲಿ ನೋಡಿದರೆ ಅಡಿಯಲ್ಲಿ ಹೆಂಗಸಿನ ಆಕೃತಿಯೊಂದು ಕಾಣುತ್ತದೆ. ಇಷ್ಟವಾಗದ್ದರ ಮೇಲೆ ಬಣ್ಣ ಬಳಿದು ಬೇರೆಯದನ್ನು ಬರೆಯುವ ಹಕ್ಕು ಚಿತ್ರಕಾರನಿಗಿದೆ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಫಲಿತಾಂಶ ನೋಡಿದ ಮೇಲೆ ವಿಶ್ಲೇಷಣೆ ಬದಲಿಸಿ, ಹಿಂದಿನದನ್ನು ಬಚ್ಚಿಟ್ಟು, ಕೊನೆಯದನ್ನು ಮಾತ್ರ ಪ್ರಕಟಿಸಿದರೆ ಪಿ-ವ್ಯಾಲ್ಯೂಗೆ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆಗೆ) ಅರ್ಥವೇ ಉಳಿಯುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ಸಿಮ್ಯುಲೇಷನ್ (ಕಂಪ್ಯೂಟರಿನಲ್ಲಿ ಕೃತಕ ದತ್ತಾಂಶದಿಂದ ಮಾಡಿದ ಪ್ರಯೋಗ) ಇದನ್ನು ಅಳೆದು ತೋರಿಸಿತು. ಎರಡು ಅಳತೆಗಳಲ್ಲಿ ಚೆನ್ನಾಗಿ ಬಂದದ್ದನ್ನು ಆರಿಸುವುದು, ಫಲಿತಾಂಶ ಸಿಗದಿದ್ದರೆ ಇನ್ನಷ್ಟು ಜನರನ್ನು ಸೇರಿಸುವುದು, ಲಿಂಗವನ್ನು ಲೆಕ್ಕಕ್ಕೆ ಸೇರಿಸಿಯೂ ಸೇರಿಸದೆಯೂ ನೋಡುವುದು, ಮೂರು ಗುಂಪುಗಳಲ್ಲಿ ಒಂದನ್ನು ಬೇಕಾದರೆ ಬಿಡುವುದು: ಈ ನಾಲ್ಕೂ ಸೇರಿದಾಗ, ಇಲ್ಲದ ಪರಿಣಾಮವನ್ನು ‘ಇದೆ’ ಎನ್ನುವ ಸಾಧ್ಯತೆ ಶೇ 5ರಿಂದ ಶೇ 61ರ ಹತ್ತಿರಕ್ಕೆ ಏರಿತು. ಇದಕ್ಕೆ ಮೋಸದ ಉದ್ದೇಶ ಬೇಕಿಲ್ಲ. ಒಂದೊಂದು ಆಯ್ಕೆಯೂ ಆ ಗಳಿಗೆಗೆ ಸಮಂಜಸವಾಗಿಯೇ ಕಾಣುತ್ತದೆ.

ಬ್ರೂಗಲ್ ಎಣಿಕೆಯ ದಿನ ಗೆರೆ ಹೊಡೆದ ನಿಯಮಗಳನ್ನು ಈಗ ಹೊರತೆಗೆಸಬೇಕು. ಯಾವ ನಿಯಮ ಎಣಿಸುವ ಮೊದಲು ಬದಲಾಯಿತು, ಯಾವುದು ಪಕ್ಕದ ಗುಂಪಿನ ಉತ್ತರ ಕೇಳಿದ ಮೇಲೆ? ಎರಡನೆಯ ಬಗೆಯವು ಎಷ್ಟಿವೆ ಎಂದು ವಿದ್ಯಾರ್ಥಿಗಳೇ ಎಣಿಸಲಿ.

ಮೂವತ್ತಾರು ಉತ್ತರಗಳು

ಕೊನೆಯ ತರಗತಿಗೆ ನಿಜವಾದ ದತ್ತಾಂಶ ಬೇಕು, ಕೆಲವು ನೂರು ಸಾಲುಗಳಿದ್ದರೆ ಸಾಕು. ಪ್ರಶ್ನೆ ಒಂದೇ ಇರಲಿ, ಉದಾಹರಣೆಗೆ ನಿದ್ದೆಯ ಅವಧಿಗೂ ಪರೀಕ್ಷೆಯ ಅಂಕಕ್ಕೂ ಸಂಬಂಧವಿದೆಯೇ. ಆಯ್ಕೆಗಳ ಪಟ್ಟಿಯನ್ನು ದತ್ತಾಂಶದ ಫೈಲ್ ತೆರೆಯುವ ಮೊದಲೇ ಬರೆಯಬೇಕು. ಔಟ್‌ಲಯರ್‌ಗಳನ್ನು ಉಳಿಸುವುದು, 3 ಸ್ಟ್ಯಾಂಡರ್ಡ್ ಡೀವಿಯೇಷನ್ ಆಚೆಯವನ್ನು ಬಿಡುವುದು, ಲಾಗ್ (ಲಾಗರಿದಮ್) ತೆಗೆಯುವುದು ಎಂದು ಮೂರು ದಾರಿ. ಬೇರೆ ಅಂಶ ಸೇರಿಸದಿರುವುದು, ವಯಸ್ಸು ಸೇರಿಸುವುದು, ವಯಸ್ಸಿನ ಜೊತೆ ಮನೆಯ ಆದಾಯವನ್ನೂ ಸೇರಿಸುವುದು ಎಂದು ಮೂರು. ಖಾಲಿ ಜಾಗಗಳಿಗೆ ಎರಡು ದಾರಿ, ಅಂಕವನ್ನು ಅಳೆಯಲು ಎರಡು. 3 × 3 × 2 × 2 = 36. ಒಂಬತ್ತು ಗುಂಪುಗಳಿದ್ದರೆ ತಲಾ ನಾಲ್ಕು ವಿಶ್ಲೇಷಣೆ. ಬಂದ 36 ಅಂದಾಜುಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಒಂದು ಉದ್ದ ಕಾಗದದ ಮೇಲೆ ಚುಕ್ಕೆ ಇಟ್ಟು, ಪ್ರತಿ ಚುಕ್ಕೆಯ ಕೆಳಗೆ ಯಾವ ಯಾವ ಆಯ್ಕೆಗಳಿಂದ ಅದು ಬಂತೆಂದು ಗುರುತು ಹಾಕಬೇಕು. ಗುರುತುಗಳು ಒಂದು ಕಡೆ ಗುಂಪಾಗಿದ್ದರೆ ಫಲಿತಾಂಶ ಆ ಆಯ್ಕೆಗೆ ನೇತುಬಿದ್ದಿದೆ ಎಂದರ್ಥ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಮೊದಲನೆಯದು, 36ನ್ನೂ ಸಮಾನವೆಂದು ಭಾವಿಸಿ ಮತ ಎಣಿಸಿದಂತೆ ‘36ರಲ್ಲಿ 22 ಹೌದು ಎನ್ನುತ್ತವೆ’ ಎಂದು ಬರೆಯುವುದು. ಕೆಲವು ಆಯ್ಕೆಗಳು ದೃಷ್ಟಿಕೋನವಲ್ಲ, ಸುಮ್ಮನೆ ತಪ್ಪು. ನಿದ್ದೆ ಕಡಿಮೆಯಾದರೆ ತರಗತಿಯಲ್ಲಿ ತೂಕಡಿಕೆ ಬರುತ್ತದೆ. ಆ ತೂಕಡಿಕೆಯನ್ನು ‘ನಿಯಂತ್ರಿಸಿ’ ನಿದ್ದೆಯ ಒಟ್ಟು ಪರಿಣಾಮ ಅಳೆಯಲು ಹೊರಟರೆ, ಪರಿಣಾಮ ಸಾಗುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಅಂಥವನ್ನು ಕಾರಣ ಸಮೇತ ಪಟ್ಟಿಯಿಂದ ಮೊದಲೇ ತೆಗೆದುಹಾಕಬೇಕು. ಎರಡನೆಯದು, ಚುಕ್ಕೆಗಳು ಹರಡಿಕೊಂಡದ್ದನ್ನು ಕಂಡು ಕೈಚೆಲ್ಲುವುದು. 36 ಅಂದಾಜುಗಳೂ ಸೊನ್ನೆಯ ಒಂದೇ ಬದಿಗೆ ಇದ್ದು ಗಾತ್ರದಲ್ಲಿ ಮಾತ್ರ ಬೇರೆಯಾಗಿದ್ದರೆ, ದಿಕ್ಕಿನ ಬಗ್ಗೆ ಧೈರ್ಯವಾಗಿ ಹೇಳಬಹುದು, ಗಾತ್ರದ ಬಗ್ಗೆ ವ್ಯಾಪ್ತಿಯನ್ನು ಕೊಡಬೇಕು. ಎರಡೂ ಬದಿಗೆ ಚೆಲ್ಲಿದ್ದರೆ, ಯಾವ ಆಯ್ಕೆ ಚಿಹ್ನೆಯನ್ನು ತಿರುಗಿಸುತ್ತಿದೆ ಎಂದು ಹುಡುಕಿ, ಆ ಒಂದು ಆಯ್ಕೆಯ ಬಗ್ಗೆ ಹೊಸ ದತ್ತಾಂಶ ಸಂಗ್ರಹಿಸುವ ಯೋಜನೆ ಬರೆಯಬೇಕು.

ವರದಿಗೆ ಒಂದು ಪುಟ ಸಾಕು. ಮೊದಲ ಪ್ಯಾರಾದಲ್ಲಿ ಪ್ರಶ್ನೆ ಮತ್ತು ಫೈಲ್ ತೆರೆಯುವ ಮೊದಲು ಆರಿಸಿದ ಮುಖ್ಯ ವಿಶ್ಲೇಷಣೆ, ನಂತರ 36 ಚುಕ್ಕೆಗಳ ಚಿತ್ರ, ಅದರ ಕೆಳಗೆ ಪಟ್ಟಿಯಿಂದ ಕೈಬಿಟ್ಟ ಆಯ್ಕೆಗಳು ಮತ್ತು ಕಾರಣ, ಕೊನೆಗೆ ಆಮೇಲೆ ಬದಲಿಸಿದ್ದು ಏನಾದರೂ ಇದ್ದರೆ ದಿನಾಂಕದೊಂದಿಗೆ. ಅಂಕ ಕೊಡುವಾಗ ಉತ್ತರ ‘ಹೌದು’ ಬಂತೋ ‘ಇಲ್ಲ’ ಬಂತೋ ಎಂಬುದಕ್ಕೆ ಏನೂ ಇಡಬೇಡಿ. ಅರ್ಧದಷ್ಟು ಅಂಕ ಆಯ್ಕೆಗಳಿಗೆ ಕೊಟ್ಟ ಕಾರಣಗಳಿಗೆ ಇರಲಿ, ಉಳಿದ ಅರ್ಧ, ಬೇರೊಂದು ಗುಂಪು ಆ ಒಂದೇ ಪುಟವನ್ನು ಓದಿ ಅದೇ ಅಂಕಿಗಳನ್ನು ಮತ್ತೆ ಪಡೆಯಲು ಸಾಧ್ಯವಾಯಿತೇ ಎಂಬುದಕ್ಕೆ.